ಯಾವ ‘ನಾನು’ ಹೇಳಲಿ?

ಒಂಬತ್ತೂ ಇಪ್ಪತ್ತೈದು. ಜಪಾನಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ; ಅಲ್ಲಿ ಮಧ್ಯಾಹ್ನ ಒಂದಾಗಲು ಐದೇ ನಿಮಿಷ ಬಾಕಿ. ರಾಜಾನುಕುಂಟೆಯ ಈ ಮಹಡಿ ಕೋಣೆಯ ಬಾಗಿಲಿಗೆ ಚಿಲಕ ಹಾಕಿದ್ದೀರಿ. ಕಿರಗುಟ್ಟುವ ಸದ್ದು ಮೈಕಿಗೆ ಕೇಳಿಸೀತೆಂದು ಫ್ಯಾನ್ ಆರಿಸಿದ್ದೀರಿ. ಕಿಟಕಿ ಮುಚ್ಚಿದರೂ ಕೆಳಗಿನ ಅಡುಗೆಮನೆಯಿಂದ ಅವರೆಕಾಯಿಯ ಸೊಗಡು ಮೆಟ್ಟಿಲು ಹತ್ತಿ ಬಂದು ಕೋಣೆ ತುಂಬಿದೆ. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಲಾರಿಗಳ ಹಾರ್ನ್ ನಿಂತಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ಸದ್ಯಕ್ಕೆ ಇರುವುದು ನಿಮ್ಮ ಮುಖ ಒಂದೇ. ಟೈ ಕತ್ತು ಹಿಡಿಯುತ್ತಿದೆ, ಅಂಗೈ ಬೆವೆತಿದೆ, ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ. ಬಾಯಿ ತೆರೆದ ಕೂಡಲೇ ಬರಬೇಕಾದ ಮೊದಲ ಮಾತು ‘ನಾನು’. ಅದೇ ಇನ್ನೂ ತೀರ್ಮಾನವಾಗಿಲ್ಲ.

ನಿಮಗೆ ಇಪ್ಪತ್ತನಾಲ್ಕು. ನರ್ಸಿಂಗ್ ಓದಿದ್ದೀರಿ. ಜಪಾನಿನಲ್ಲಿ ಈಗ ನೂರು ಜನರಲ್ಲಿ 29 ಮಂದಿ ಅರವತ್ತೈದು ದಾಟಿದವರು. ಅವರನ್ನು ಎತ್ತಿ ಕೂರಿಸಲು, ಮೀಯಿಸಲು, ಉಣ್ಣಿಸಲು ಆ ದೇಶದಲ್ಲಿ ಕೈಗಳು ಸಾಲವು. 2019ರ ಏಪ್ರಿಲ್‌ನಲ್ಲಿ ಜಪಾನ್ ಇಂಥ ಕೆಲಸಗಾರರಿಗಾಗಿಯೇ ಹೊಸ ವೀಸಾ ತೆರೆಯಿತು. 2021ರ ಜನವರಿಯಲ್ಲಿ ಭಾರತವೂ ಅದಕ್ಕೆ ಒಪ್ಪಂದ ಮಾಡಿಕೊಂಡಿತು. ಭಾಷೆಯ ಪರೀಕ್ಷೆ ಪಾಸು ಮಾಡಿದ್ದೀರಿ, ಆರೈಕೆಯ ಪರೀಕ್ಷೆಯೂ ಆಯಿತು. ಉಳಿದಿರುವುದು ಈ ಸಂದರ್ಶನ. ಜಪಾನಿನ ಉತ್ತರಕ್ಕೆ, ತೋಹೊಕು ಸೀಮೆಯ ಹಿಮದೂರೊಂದರ ವೃದ್ಧರ ಮನೆಯವರು ಇನ್ನೇನು ಪರದೆಗೆ ಬರುತ್ತಾರೆ.

ಕನ್ನಡದಲ್ಲಿ ನಿಮಗೆ ಈ ಭಯ ಎಂದೂ ಹುಟ್ಟಿದ್ದಿಲ್ಲ. ಅಮ್ಮನ ಮುಂದೆ ‘ನಾನು’, ತಹಶೀಲ್ದಾರರ ಮುಂದೆಯೂ ‘ನಾನು’, ಬಸ್ಸಿನಲ್ಲಿ ಜಗಳಕ್ಕೆ ನಿಂತಾಗಲೂ ಅದೇ ‘ನಾನು’. ನಮ್ಮಲ್ಲಿ ಅಳುಕೆಲ್ಲ ಎದುರಿನವರನ್ನು ಕರೆಯುವಾಗ. ಹೊಸಬರಿಗೆ ನೀನು ಅನ್ನುವುದೋ ನೀವು ಅನ್ನುವುದೋ ಎಂದು ತಡವರಿಸುತ್ತೇವೆ. ಮಠದ ಅಂಗಳದಲ್ಲಿ ‘ತಾವು’ ಹುಡುಕುತ್ತೇವೆ. ಜಪಾನಿಯರಿಗೆ ಅಷ್ಟು ಸಾಲದು. ಎದುರಿಗಿರುವವರು ಯಾರೆಂದು ನೋಡಿ ಅವರು ತಮ್ಮನ್ನೇ ಬೇರೆ ಬೇರೆ ಹೆಸರಿನಿಂದ ಕರೆದುಕೊಳ್ಳಬೇಕು.

ಪರೀಕ್ಷೆಗೆಂದು ಒಂದೊಂದನ್ನೂ ಸದ್ದಿಲ್ಲದೆ ಬಾಯಲ್ಲಿ ಆಡಿಸಿ ನೋಡುತ್ತೀರಿ.

ವತಾಕುಶಿ. ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನಾಲ್ಕು ಸಲ ಬಾಯಿಯ ಆಕಾರ ಬದಲಾಗಬೇಕು, ಉಸಿರು ಹಿಡಿದಿಟ್ಟುಕೊಳ್ಳಬೇಕು. ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡುವವರ ಮಾತು ಅದು. ನಿಮ್ಮ ಅರೆಕಲಿತ ವ್ಯಾಕರಣಕ್ಕೆ ಅಷ್ಟು ಭಾರಿ ಆರಂಭವನ್ನು ಹೊರುವ ಶಕ್ತಿ ಇಲ್ಲ.

ವತಾಶಿ. ಅದರದೇ ಮೊಟಕು ರೂಪ, ಪುಸ್ತಕದ ಮೊದಲ ಪಾಠದಲ್ಲಿ ಬರುವುದು, ಎಲ್ಲಿ ಆಡಿದರೂ ತಪ್ಪಾಗದ್ದು. ಆದರೆ ಹುಡುಗನೊಬ್ಬ ಗೆಳೆಯರ ನಡುವೆ ಕೂತು ಇದನ್ನಾಡಿದರೆ ಬಿಗುವು, ಕೆಲವರ ಕಿವಿಗೆ ಹೆಣ್ಣುಮಾತು. ಹೆಣ್ಣುಮಕ್ಕಳಿಗೆ ಇದು ಮನೆಯಲ್ಲೂ ಕಚೇರಿಯಲ್ಲೂ ನಡೆಯುತ್ತದೆ. ಸಲಿಗೆಯಲ್ಲಿ ಅವರು ಅದನ್ನು ‘ಅತಾಶಿ’ ಎಂದು ಮೆತ್ತಗೆ ಮಾಡಿಕೊಳ್ಳುತ್ತಾರೆ, ಚಿಕ್ಕ ಹುಡುಗಿಯರು ತಮ್ಮ ಹೆಸರನ್ನೇ ಹಿಡಿದು ಮಾತಾಡುವುದೂ ಉಂಟು.

ಬೊಕು. ತುಟಿ ಗುಂಡಗಾಗಿ ಮುಂದೆ ಬಂದು, ಗಂಟಲಲ್ಲಿ ಚಿಕ್ಕದಾಗಿ ತಡೆದು ನಿಲ್ಲುತ್ತದೆ. ಗಂಡುಮಕ್ಕಳದು, ಅದರಲ್ಲೂ ಓದುವ ಹುಡುಗರದು, ವಿನಯದ್ದು. ಇದನ್ನು ಬರೆಯುವ ಚೀನೀ ಅಕ್ಷರದ ಹಳೆಯ ಅರ್ಥ ಆಳು, ಸೇವಕ. ಹತ್ತೊಂಬತ್ತನೇ ಶತಮಾನದ ವಿದ್ಯಾರ್ಥಿಗಳ ಬಾಯಲ್ಲಿ ಹಬ್ಬಿ ಇವತ್ತು ನಾಲ್ಕು ವರ್ಷದ ಪುಟ್ಟನೂ ತನ್ನನ್ನು ಬೊಕು ಅಂದುಕೊಳ್ಳುತ್ತಾನೆ.

ಇನ್ನು ಒರೆ. ದವಡೆ ಸಡಿಲವಾಗುತ್ತದೆ, ಎದೆ ತೆರೆಯುತ್ತದೆ, ಭುಜ ಕೊಂಚ ಏರುತ್ತದೆ. ನಿಮಗೆ ಜಪಾನಿ ಹಿಡಿಸಿದ್ದೇ ಈ ಮಾತಿನಿಂದ. ರಾತ್ರಿಯೆಲ್ಲ ಹೊದಿಕೆಯೊಳಗೆ ಫೋನ್ ಹಿಡಿದು ನೋಡಿದ ಆನಿಮೆಯ ನಾಯಕರೆಲ್ಲ ‘ಒರೆ’ ಎಂದೇ ಗುಡುಗುತ್ತಿದ್ದರು. ಗೆಳೆಯರ ನಡುವೆ, ತಮ್ಮನ ಮುಂದೆ ಅದು ಸಹಜ. ಮೇಲಿನವರ ಮುಂದೆ ಬಂದರೆ ಕಾಲ ಮೇಲೆ ಕಾಲು ಹಾಕಿ ಕೂತಷ್ಟೇ ತಪ್ಪು. ಯಲಹಂಕ ನ್ಯೂಟೌನಿನಲ್ಲಿ ಭಾನುವಾರದ ಪಾಠ ಮುಗಿಸಿ ಹೊರಡುವಾಗ ಜಪಾನಿ ಕಲಿಸುವ ಸೆನ್ಸೇ ನಿಮ್ಮೊಬ್ಬರನ್ನೇ ನಿಲ್ಲಿಸಿ ಹೇಳಿದ್ದು ಇಷ್ಟೇ: “ವ್ಯಾಕರಣ ತಪ್ಪಿದರೆ ಕ್ಷಮಿಸ್ತಾರೆ. ಒರೆ ಬಾಯಿಗೆ ಬರಬಾರದು ಕಣಪ್ಪ.”

ಸೆನ್ಸೇ ಮಾತಿಗೆ ಸರ್ಕಾರದ ಬೆಂಬಲವೂ ಇದೆ. 1952ರಲ್ಲಿ ಜಪಾನಿನ ಭಾಷಾ ಮಂಡಳಿ ‘ಇನ್ನು ಮುಂದಿನ ಗೌರವ ಭಾಷೆ’ ಎಂಬ ಕೈಪಿಡಿಯಲ್ಲಿ ಸಲಹೆ ಕೊಟ್ಟಿತು. ವತಾಶಿಯೇ ಪ್ರಮಾಣ, ಬೊಕು ಗಂಡು ವಿದ್ಯಾರ್ಥಿಗಳ ಮಾತು, ಓದು ಮುಗಿಸಿ ಸಮಾಜಕ್ಕೆ ಕಾಲಿಟ್ಟ ಮೇಲೆ ಅದನ್ನು ಬಿಟ್ಟು ವತಾಶಿಗೆ ಬರಬೇಕು, ಶಾಲೆಗಳು ಇದನ್ನು ಗಮನಿಸಬೇಕು. ಅದಕ್ಕೆ ಬರೀ ಏಳು ವರ್ಷ ಹಿಂದೆ, 1945ರ ಆಗಸ್ಟ್ 15ರಂದು, ಆ ದೇಶದ ಜನ ತಮ್ಮ ಚಕ್ರವರ್ತಿಯ ದನಿಯನ್ನು ಮೊದಲ ಬಾರಿ ರೇಡಿಯೊದಲ್ಲಿ ಕೇಳಿದ್ದರು. ಶರಣಾಗತಿಯ ಆ ಘೋಷಣೆಯಲ್ಲಿ ಆತ ತನ್ನನ್ನು ಕರೆದುಕೊಂಡದ್ದು ‘ಚಿನ್’ ಎಂದು. ಚಕ್ರವರ್ತಿಯ ಹೊರತು ಇನ್ನಾರೂ ಆಡುವಂತಿರದ ‘ನಾನು’ ಅದು. ಯುದ್ಧ ಮುಗಿದ ಮೇಲೆ ಅರಮನೆಯಿಂದಲೂ ಆ ಮಾತು ಮರೆಯಾಯಿತು.

ಪರದೆ ಮಿಣುಕುತ್ತದೆ.

ಮೂರು ಮುಖಗಳು. ನಡುವೆ ಅರವತ್ತರ ಹತ್ತಿರದ ಗಂಡಸು, ವೃದ್ಧರ ಮನೆಯ ಮುಖ್ಯಸ್ಥರು. ಎಡಕ್ಕೆ ಆರೈಕೆಯ ಮೇಲ್ವಿಚಾರಣೆಯ ಹೆಂಗಸು, ಕೈಯಲ್ಲಿ ಪೆನ್ನು. ಬಲಕ್ಕೆ ದುಭಾಷಿ. ಅವರ ಹಿಂದಿನ ಕಿಟಕಿಯಲ್ಲಿ ಅರ್ಧದವರೆಗೆ ಹಿಮ. ಮೂವರೂ ತಲೆಬಾಗುತ್ತಾರೆ. ನೀವೂ ಬಾಗುತ್ತೀರಿ. ಎಷ್ಟು ಹೊತ್ತು ಬಾಗಿರಬೇಕೆಂದು ತಿಳಿಯದೆ, ಕಣ್ಣನ್ನಷ್ಟೇ ಎತ್ತಿ ಅವರು ತಲೆ ಎತ್ತಿದರೋ ಎಂದು ನೋಡುತ್ತೀರಿ.

“ನಿಮ್ಮ ಪರಿಚಯ ಹೇಳಿ.”

ಉಸಿರೆಳೆಯುತ್ತೀರಿ. ವತಾಶಿ, ವತಾಶಿ, ವತಾಶಿ ಎಂದು ತಲೆ ಹೇಳುತ್ತಿದೆ. ತುಟಿ ಕೇಳುತ್ತಿಲ್ಲ, ಆಗಲೇ ಗುಂಡಗಾಗಿದೆ. ‘ಬೊ’ ಅಷ್ಟು ಹೊರಬಿದ್ದಿದೆ. ಅದೇ ಕ್ಷಣ ಆಕಾಶ ಹರಿದು ಬೀಳುತ್ತದೆ.

ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಇನ್ನು ಕೆಲವೇ ದಿನ. ಇದು 2025ರ ಫೆಬ್ರವರಿ ಮೊದಲ ವಾರ. ಯಲಹಂಕ ವಾಯುನೆಲೆಯಿಂದ ಎದ್ದ ಜೆಟ್ಟೊಂದು ಮನೆಯ ನೆತ್ತಿಯ ಮೇಲೇ ಹಾದಿದೆ. ಕಿಟಕಿಯ ಗಾಜು ನಡುಗುತ್ತದೆ, ಮೇಜು ನಡುಗುತ್ತದೆ, ಸದ್ದು ಎದೆಗೂಡಿನೊಳಗೆ ಹೊಕ್ಕು ಗುಂಯ್‌ಗುಡುತ್ತದೆ. ಪರದೆಯಲ್ಲಿ ಮೂವರೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತಾರೆ. ದುಭಾಷಿ ಕಿವಿಯಿಂದ ಹೆಡ್‌ಫೋನ್ ತೆಗೆಯುತ್ತಾನೆ. ನಿಮ್ಮ ಬಾಯಿ ಇನ್ನೂ ತೆರೆದೇ ಇದೆ. ನೀವು ಆಡಿದ್ದು ನಿಮಗೇ ಕೇಳಿಸಿಲ್ಲ.

“ಕ್ಷಮಿಸಿ, ಇನ್ನೊಮ್ಮೆ.”

ಇನ್ನೊಮ್ಮೆ! ಎಂಜಲು ನುಂಗಿ, ನಾಲಿಗೆಯನ್ನು ಒತ್ತಾಯದಿಂದ ಹಿಡಿತಕ್ಕೆ ತಂದು ಹೇಳುತ್ತೀರಿ: ವತಾಶಿ ವ. ಆಮೇಲೆ ಹೆಸರು, ಊರು, ಓದು. ವಾಕ್ಯ ಮುಗಿದಾಗ ಹೆಂಗಸಿನ ಪೆನ್ನು ಏನನ್ನೋ ಬರೆಯುತ್ತದೆ. ಏನಿರಬಹುದು?

ಕೆಳಗಿನಿಂದ ಅಮ್ಮನ ದನಿ ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ಅಕ್ಕನ ಮಗಳನ್ನು ಮೆಟ್ಟಿಲು ಹತ್ತದಂತೆ ತಡೆಯುತ್ತಿದ್ದಾಳೆ. “ಮ್ಯಾಕ್ಕೋಗ್ಬೇಡ ಚಿನ್ನು, ಮಾಮ ಮಾತಾಡ್ತಾವ್ನೆ. ಬಾ, ಅಜ್ಜಿ ಹಿತ್ಕಿದ್ ಬೇಳೆ ಕೊಡ್ತಾಳೆ.”

ಮೈಕಿಗೆ ಕೇಳಿಸಿತೋ ಎಂದು ಹೊಟ್ಟೆ ಚುರುಕ್ಕೆನ್ನುತ್ತದೆ. ಆದರೆ ಒಂದು ಗಳಿಗೆ ಅಮ್ಮನ ಆ ಮಾತನ್ನು ಕೇಳಿಸಿಕೊಳ್ಳಿ. ಆಕೆ ‘ನಾನು ಕೊಡ್ತೀನಿ’ ಅನ್ನಲಿಲ್ಲ. ‘ಅಜ್ಜಿ ಕೊಡ್ತಾಳೆ’ ಅಂದಳು, ತನ್ನನ್ನೇ. ನಿಮ್ಮನ್ನು ‘ಮಾಮ’ ಮಾಡಿದಳು, ಹೆತ್ತ ಮಗನನ್ನು. ಚಿನ್ನು ಹುಟ್ಟಿದ ದಿನದಿಂದ ಮನೆಯಲ್ಲಿ ಎಲ್ಲರ ಹೆಸರೂ ಆ ಮಗು ನಿಂತ ಜಾಗದಿಂದಲೇ ಹೊರಡುತ್ತಿದೆ. ಜಪಾನಿನ ಭಾಷಾ ವಿದ್ವಾಂಸ ತಕಾವೊ ಸುಝುಕಿ 1973ರಲ್ಲಿ ಹೊರತಂದ ‘ಕೊತೊಬಾ ತೊ ಬುಂಕಾ’ ಎಂಬ ಪುಸ್ತಕದಲ್ಲಿ ತಮ್ಮ ಜನರ ಬಗ್ಗೆ ತೋರಿಸಿಕೊಟ್ಟದ್ದು ಇದನ್ನೇ. ಮನೆಯ ಅತ್ಯಂತ ಕಿರಿಯರ ಕಣ್ಣಿನಿಂದ ನೋಡಿ ಹಿರಿಯರು ತಮ್ಮನ್ನು ಅಪ್ಪ, ಅಜ್ಜ, ಅಣ್ಣ ಅಂದುಕೊಳ್ಳುತ್ತಾರೆ. ಮಕ್ಕಳ ಮುಂದೆ ಮೇಷ್ಟರು ತಮ್ಮನ್ನು ‘ಸೆನ್ಸೇ’ ಎನ್ನುತ್ತಾರೆ. ಅವರ ‘ನಾನು’ ಒಳಗಿನಿಂದ ಸಿದ್ಧವಾಗಿ ಬರುವುದಿಲ್ಲ, ಎದುರಿಗೆ ಯಾರಿದ್ದಾರೆಂದು ನೋಡಿಯೇ ಹುಟ್ಟುತ್ತದೆ. ಪುಸ್ತಕ ಓದಿ ಕಲಿಯಬೇಕೆಂದು ನೀವು ಹೆದರಿದ್ದನ್ನು ನಿಮ್ಮಮ್ಮ ಒಲೆ ಮುಂದೆ ನಿಂತು ದಿನವೂ ಆಡುತ್ತಿದ್ದಾಳೆ.

“ಈ ಕೆಲಸಕ್ಕೆ ಯಾಕೆ ಬರಬೇಕು ಅಂದುಕೊಂಡಿರಿ?”

ಈ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಟ್ಟುಕೊಂಡಿದ್ದೀರಿ. ಶುರು ಮಾಡುತ್ತೀರಿ. ವತಾಶಿ ವ, ನನ್ನ ಅಜ್ಜನನ್ನು, ವತಾಶಿ ಗ, ನಾನೇ, ವತಾಶಿ ನೊ, ನನ್ನ ಕೈಯಾರೆ. ಕನ್ನಡದಲ್ಲಿ ಎಲ್ಲೆಲ್ಲಿ ‘ನಾನು’, ‘ನನ್ನ’ ಇತ್ತೋ ಅಲ್ಲೆಲ್ಲ ಒಂದೊಂದು ವತಾಶಿ ನಾಟಿದ್ದೀರಿ. ಮೂರನೆಯದಕ್ಕೆ ದುಭಾಷಿಯ ಹುಬ್ಬು ಸಣ್ಣಗೆ ಕುಣಿಯುತ್ತದೆ. ನಿಮಗೆ ಕಿವಿ ಬಿಸಿಯಾಗುತ್ತದೆ. ಜಪಾನಿಯಲ್ಲಿ ‘ನಾನು’ ಹೇಳಿದಷ್ಟೂ ಮಾತು ತನ್ನ ಕಡೆಗೇ ಬೆರಳು ಮಾಡಿಕೊಂಡಂತಾಗುತ್ತದೆ ಎಂದು ಸೆನ್ಸೇ ಹೇಳಿದ್ದು ನೆನಪಾಗುತ್ತದೆ. ಗೊತ್ತಿದ್ದೂ ನಾಲಿಗೆ ನಿಲ್ಲುತ್ತಿಲ್ಲ. ನಾಲ್ಕನೆಯ ವತಾಶಿಗೆ ದನಿ ಕಚ್ಚಿಕೊಳ್ಳುತ್ತದೆ. ಮುಂದಿನ ಪದ ಹಾರಿಹೋಗಿದೆ. ಖಾಲಿ. ಪರದೆಯಲ್ಲಿ ಮೂವರೂ ಕಾಯುತ್ತಿದ್ದಾರೆ. ರಾಜಾನುಕುಂಟೆ ಸ್ಟೇಷನ್ ಕಡೆಯಿಂದ ರೈಲಿನ ಕೂಗು ಉದ್ದಕ್ಕೆ ಬಂದು ನಿಲ್ಲುತ್ತದೆ. ಅವರು ಇನ್ನೂ ಕಾಯುತ್ತಿದ್ದಾರೆ.

ಆಗ ಮುಖ್ಯಸ್ಥರು ಮುಂದಕ್ಕೆ ಬಾಗುತ್ತಾರೆ. “ಬೊಕು ಮೊ ನೆ,” ಎನ್ನುತ್ತಾರೆ. ನಾನೂ ಅಷ್ಟೇ, ನೋಡಪ್ಪ. ತಮ್ಮ ತಾಯಿಯೂ ಇದೇ ಮನೆಯಲ್ಲಿ, ಎರಡನೇ ಮಹಡಿಯಲ್ಲಿ ಇದ್ದರಂತೆ.

ಬೊಕು! ಮಂಡಳಿ ಏನೇ ಹೇಳಿರಲಿ, ಅರವತ್ತರ ಯಜಮಾನರು ಕಿರಿಯನ ಮುಂದೆ ತಮ್ಮ ಕುರ್ಚಿಯನ್ನು ಒಂದು ಮೆಟ್ಟಿಲು ಕೆಳಗಿಳಿಸಿಕೊಂಡಿದ್ದಾರೆ. ಈಗ ನಿಮ್ಮ ಸರದಿ. ಅವರೇ ಬೊಕು ಅಂದಮೇಲೆ ನೀವೂ ಅನ್ನಬಹುದೇ? ನಾಲಿಗೆಗೆ ಅದೇ ಹಿತ. ಅಜ್ಜನ ಬಗ್ಗೆ ಮಾತಾಡುವಾಗ ವತಾಶಿ ಯಾರದೋ ದನಿಯಂತೆ ಕೇಳುತ್ತಿದೆ ನಿಜ. ಆದರೆ ಮೇಲಿನವರು ಇಳಿದುಬರುವುದು ಅವರ ದೊಡ್ಡತನ. ಕೆಳಗಿರುವವನು ಅದನ್ನೇ ಹಿಡಿದು ಸಮಕ್ಕೆ ನಿಂತರೆ? ಹೆಂಗಸಿನ ಪೆನ್ನು ಕಾಗದದ ಮೇಲೆ ನಿಂತಿದೆ. ವತಾಶಿಗೇ ಅಂಟಿಕೊಂಡರೆ ಅವರು ಚಾಚಿದ ಕೈಯನ್ನು ಹಿಡಿಯದೆ ಬಿಟ್ಟಂತೆ. ಬೊಕು ಅಂದರೆ ಸಲಿಗೆ ಹೆಚ್ಚಾದಂತೆ.

ಈ ತೂಕ ನಮಗೆ ಹೊಸದೆಂದು ತಿಳಿಯಬೇಡಿ. ಮೇಲುಕೋಟೆಯ ಶ್ರೀವೈಷ್ಣವರು ಆಚಾರ್ಯರ ಮುಂದೆ ನಿಂತು ತಮ್ಮನ್ನು ‘ಅಡಿಯೇನ್’ ಎಂದುಕೊಳ್ಳುತ್ತಾರೆ, ನಿಮ್ಮ ಅಡಿಯಲ್ಲಿರುವ ದಾಸ ಎಂದು. ಅದು ಅವರು ತಾವಾಗಿ ಒಪ್ಪಿಕೊಂಡ ಮಾತು, ಹೇಳುವಾಗ ಮುಖದಲ್ಲಿ ತೃಪ್ತಿ ಇರುತ್ತದೆ. ಇತ್ತ ಮಲಯಾಳ ನಾಡಿನಲ್ಲಿ ದಲಿತರು ಜಮೀನ್ದಾರನ ಮುಂದೆ ‘ಅಡಿಯನ್’ ಎಂದೇ ತಮ್ಮನ್ನು ಹೇಳಿಕೊಳ್ಳಬೇಕಿತ್ತು. ಅಲ್ಲಿ ‘ನಾನು’ ಅಂದರೆ ಬೆನ್ನಿಗೆ ಪೆಟ್ಟು. ಒಂದೇ ಬೇರಿನ ಮಾತು. ಒಂದು ಕಡೆ ಭಕ್ತಿ, ಇನ್ನೊಂದು ಕಡೆ ಬಾರುಕೋಲು. ತನ್ನನ್ನು ಏನೆಂದು ಕರೆದುಕೊಳ್ಳಬೇಕೆಂದು ಇನ್ನೊಬ್ಬ ಅಪ್ಪಣೆ ಮಾಡುವುದಕ್ಕಿಂತ ದೊಡ್ಡ ದಬ್ಬಾಳಿಕೆಯನ್ನು ನಾನು ಊಹಿಸಲಾರೆ. ಅದನ್ನು ನೆನೆದಾಗ ಈ ಕೋಣೆಯಲ್ಲಿ ನಿಮಗೆ ಸಿಕ್ಕಿರುವ ಆಯ್ಕೆ, ಎಷ್ಟೇ ಬೆವರಿಳಿಸಿದರೂ, ದೊಡ್ಡ ಭಾಗ್ಯ.

ನಿಮಗೆ ದಾರಿ ತೋರಿಸುವುದು ಅಜ್ಜನೇ. ಜಪಾನಿಯಲ್ಲಿ ಬೇರೆಯವರ ಅಜ್ಜನಿಗೆ ‘ಒಜೀಸಾನ್’. ಹೊರಗಿನವರ ಮುಂದೆ ತನ್ನ ಅಜ್ಜನ ಮಾತೆತ್ತುವಾಗ ‘ಸೊಫು’. ಸೊಫು ಎಂದಮೇಲೆ ಅವನು ಹೇಳುವವನ ಅಜ್ಜನೇ. ‘ನನ್ನ’ ಅನ್ನುವುದು ಆ ಎರಡಕ್ಷರದ ಒಳಗೇ ಇದೆ. ಬೇರೆ ‘ನಾನು’ ಬೇಕಿಲ್ಲ. ಮಂಚ ಹಿಡಿದ ಅಜ್ಜನ ಬೆನ್ನು ಒರೆಸುವಾಗ ಬೆರಳಿಗೆ ಸಿಗುತ್ತಿದ್ದ ಮೂಳೆಗಳು ನೆನಪಾಗುತ್ತವೆ. ಬೇವಿನ ಎಲೆ ಹಾಕಿ ಕಾಯಿಸಿದ ನೀರಿನ ವಾಸನೆ ಮೂಗಿಗೆ ಬರುತ್ತದೆ.

“ಸೊಫು ಒ ಕಾಯ್ಗೊ ಶಿತೆ ಇಮಾಶಿತ,” ಎನ್ನುತ್ತೀರಿ. ಅಜ್ಜನ ಆರೈಕೆ ಮಾಡುತ್ತಿದ್ದೆ.

ನೋಡಿ, ವತಾಶಿಯೂ ಇಲ್ಲ, ಬೊಕುವೂ ಇಲ್ಲ. ಜಪಾನಿ ಕ್ರಿಯಾಪದದಲ್ಲಿ ನಮ್ಮ ‘ಮಾಡಿದೆ, ಮಾಡಿದ, ಮಾಡಿದಳು’ ಎಂಬ ಗುರುತೂ ಇರುವುದಿಲ್ಲ. ಮಾಡಿದವರು ಯಾರೆಂದು ಬಾಯಿ ಹೇಳದೆಯೇ ಕೇಳುವವರು ತಿಳಿಯಬೇಕು. ತಿಳಿದಿದ್ದಾರೆ. ಮುಖ್ಯಸ್ಥರು ‘ಹೂಂ’ಗುಟ್ಟುತ್ತಾರೆ, ಗಂಟಲಾಳದಿಂದ. ನಿಮ್ಮ ಮಾತು ಸಲೀಸಾಗುತ್ತದೆ. ಹುಣ್ಣಾಗದಂತೆ ಮಗ್ಗುಲು ಬದಲಿಸಿದ್ದು, ಗಂಜಿ ಕುಡಿಸಿದ್ದು, ರಾತ್ರಿ ಎದ್ದು ಕೂತದ್ದು. ಸಣ್ಣ ಸಣ್ಣ ವಾಕ್ಯಗಳು. ಒಂದರಲ್ಲೂ ‘ನಾನು’ ಇಲ್ಲ. ಪೆನ್ನು ಬಿಡುವಿಲ್ಲದೆ ಓಡುತ್ತಿದೆ.

ಮನೆಯನ್ನು ತೋರಿಸುತ್ತೇವೆ ಬನ್ನಿ ಎಂದು ಹೆಂಗಸು ಟ್ಯಾಬ್ಲೆಟ್ ಎತ್ತಿಕೊಂಡು ನಡೆಯುತ್ತಾರೆ. ಪರದೆ ಓಲಾಡುತ್ತದೆ. ಹೊಳೆಯುವ ನೆಲ, ಗೋಡೆಯುದ್ದಕ್ಕೂ ಹಿಡಿಕಂಬಿ, ಊಟದ ಹಾಲ್. ಗಾಲಿಕುರ್ಚಿಯಲ್ಲಿ ಕೂತ ಮುದುಕಿಯೊಬ್ಬರು ತಲೆ ತಿರುಗಿಸಿ ನಿಮ್ಮನ್ನು ನೋಡುತ್ತಾರೆ, ಬಾಯಲ್ಲಿ ಹಲ್ಲಿಲ್ಲ, ಕಣ್ಣಲ್ಲಿ ನಗು. ಏನೋ ಹೇಳುತ್ತಾರೆ. ಪುಸ್ತಕದ ಜಪಾನಿಯಲ್ಲ, ಸೀಮೆಯ ಮಾತು, ಒಂದಕ್ಷರವೂ ತಿಳಿಯುವುದಿಲ್ಲ. ಒಂದನ್ನು ಬಿಟ್ಟು. ಮಾತಿನ ಮೊದಲಿಗೆ ಸ್ಪಷ್ಟವಾಗಿ ಕೇಳಿದ್ದು ‘ಒರಾ’.

ನಿಮ್ಮ ಮೈ ಜುಮ್ಮೆನ್ನುತ್ತದೆ. ಆನಿಮೆಯ ಹೀರೊಗಳ ಮಾತು, ಸೆನ್ಸೇ ಬೇಡವೆಂದ ಮಾತು, ಗಂಡಸರ ಗತ್ತಿನ ಮಾತು ಎಂದು ನೀವು ನಂಬಿದ್ದರ ಒಡಹುಟ್ಟು ಎಂಬತ್ತು ದಾಟಿದ ಹೆಂಗಸಿನ ಬಾಯಲ್ಲಿ ಮೆತ್ತಗೆ ಕೂತಿದೆ. ತೋಹೊಕು ಸೀಮೆಯ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಹೆಂಗಸರು ತಮ್ಮನ್ನು ಒರಾ ಎಂದೋ ಒರೆ ಎಂದೋ ಕರೆದುಕೊಳ್ಳುತ್ತಾರೆ. ಟೋಕಿಯೊದ ಪಠ್ಯಪುಸ್ತಕ ಅವರನ್ನು ತಿದ್ದಲಿಲ್ಲ. ಗದ್ದೆಗೆ ಇಳಿದಾಗ, ಮಗುವಿಗೆ ಹಾಲೂಡಿಸಿದಾಗ, ಗಂಡನ ಮೇಲೆ ರೇಗಿದಾಗ ಆಡಿದ ಅದೇ ‘ನಾನು’ ಮುಪ್ಪಿನಲ್ಲೂ ಜೊತೆಗಿದೆ. ಭಾಷೆಗೆ ಗಂಡು ಹೆಣ್ಣಿನ ಬೇಲಿ ಹಾಕಿದವರಿಗೆ ಈ ಅಜ್ಜಿಯ ಊರು ಕಾಣಿಸಿಯೇ ಇಲ್ಲ.

“ಇಂಡಿಯಾದಲ್ಲಿ ಹಿಮ ಬೀಳುತ್ತಾ ಅಂತ ಕೇಳುತ್ತಿದ್ದಾರೆ,” ಎನ್ನುತ್ತಾನೆ ದುಭಾಷಿ.

‘ಇಲ್ಲ ಅಜ್ಜಿ’ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿದೆ. ನಮ್ಮೂರಲ್ಲಿ ಗುರುತಿಲ್ಲದ ಮುದುಕಿಗೆ ಅದಕ್ಕಿಂತ ಮರ್ಯಾದೆಯ ಮಾತು ಇನ್ನೊಂದಿಲ್ಲ. ಅಲ್ಲಿ ಹೇಗೋ. ತಡೆದು, ಹೆಂಗಸಿನ ಕಡೆ ತಿರುಗಿ ಕೇಳುತ್ತೀರಿ: ಇವರನ್ನು ಏನೆಂದು ಕರೆಯಬೇಕು? ಇಡೀ ಸಂದರ್ಶನದಲ್ಲಿ ನೀವಾಗಿ ಕೇಳಿದ ಮೊದಲ ಪ್ರಶ್ನೆ ಇದು. ಹೆಂಗಸಿನ ಮುಖದಲ್ಲಿ ಮೊದಲ ಸಲ ನಗು ಮೂಡುತ್ತದೆ. ಅಜ್ಜಿ ಗಿಜ್ಜಿ ಅನ್ನುವುದಿಲ್ಲ, ಮಕ್ಕಳಂತೆ ಮುದ್ದಿಸಿ ಕರೆಯುವುದೂ ಇಲ್ಲ, ಇಲ್ಲಿ ಪ್ರತಿಯೊಬ್ಬರಿಗೂ ಮನೆತನದ ಹೆಸರು, ಅದಕ್ಕೊಂದು ‘ಸಾನ್’ ಎಂದು ವಿವರಿಸಿ ಮುದುಕಿಯ ಹೆಸರು ಹೇಳಿಕೊಡುತ್ತಾರೆ.

ಹೆಸರಿಗೆ ಸಾನ್ ಸೇರಿಸಿ ಕರೆಯುತ್ತೀರಿ. ಮುದುಕಿ ಕಿವಿಗೆ ಅಂಗೈ ಹಿಡಿಯುತ್ತಾರೆ. ಇನ್ನೂ ಗಟ್ಟಿಯಾಗಿ ಕರೆದು, ನಮ್ಮೂರಲ್ಲಿ ಹಿಮ ಬೀಳುವುದಿಲ್ಲ, ಅವರೆಕಾಯಿ ಮಾತ್ರ ಬೆಳೆಯುತ್ತದೆ ಎನ್ನುತ್ತೀರಿ. ಅವರೆಕಾಯಿಗೆ ಜಪಾನಿ ಪದ ಗೊತ್ತಿಲ್ಲದೆ ಬರೀ ‘ಕಾಳು’ ಎಂದು ಸುಧಾರಿಸುತ್ತೀರಿ. ಮುದುಕಿ ಕೈ ಅಲ್ಲಾಡಿಸುತ್ತಾರೆ.

ಪರದೆ ಮತ್ತೆ ಮೊದಲಿನ ಕೋಣೆಗೆ ಬರುತ್ತದೆ. ಮುಖ್ಯಸ್ಥರು ಕಾಗದ ಮಗುಚಿ, ಈಗ ನೇರವಾಗಿ ಕೆಲಸದ ಮಾತಿಗೆ ಇಳಿಯುತ್ತಾರೆ. ರಾತ್ರಿ ಪಾಳಿ ಇರುತ್ತದೆ, ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮವನ್ನೂ ಸಿಬ್ಬಂದಿಯೇ ತೆಗೆಯಬೇಕು. ಆಗುತ್ತದೆಯೇ?

“ಹಾಯ್. ದೆಕಿಮಾಸು.” ಹೂಂ, ಆಗುತ್ತದೆ.